ಕಾಡಿನ ಬೆಳಕಿಂಡಿಗೆ ಸುಣ್ಣ

“ಸತ್ತ ಮರಕ್ಕೆ ಸುಣ್ಣ ಬಳೀರಿ ಅಂತ ಯಾವ ಕತ್ತೆ ಹೇಳ್ತು?”

“ಈ ಕತ್ತೇನೇ ಹೇಳಿದ್ದು. ಏನೀಗ?” ಎಂದ ನನ್ನ ಗಂಡ ತೊವಾದೆರ್. ಅಂಗಳದ ತೊಟ್ಟಿಯಲ್ಲಿ ಮೊಣಕೈವರೆಗೂ ಕೈ ಅದ್ದಿಕೊಂಡು ನಿಂತಿದ್ದ. ತೊಟ್ಟಿಯ ನೀರು ಹಾಲಿನ ಹಾಗೆ ಬೆಳ್ಳಗಾಗಿತ್ತು. ಸಂಜೆ ದನ ಕುಡಿಯಬೇಕಾದ ನೀರು ಅದು.

“ನಾಚಿಕೆ ಆಗಲ್ವಾ ನಿಂಗೆ?”

“ಮೆಲ್ಲಗೆ ಮಾತಾಡೇ. ಜನ ಊಟ ಮಾಡ್ತಾ ಇದಾರೆ.”

“ಮಾಡ್ಲಿ. ಗಂಟಲಲ್ಲೇ ಸಿಕ್ಕೊಳ್ಲಿ.”

ಅಕ್ರೋಟಿನ ಮರದ ಕೆಳಗೆ ಅರ್ಧ ಊರೇ ಕೂತಿತ್ತು. ಮೆಕ್ಕೆಜೋಳದ ಮುದ್ದೆ, ಹುಳಿ ಕೆನೆ, ಹಂದಿಯ ಕೊಬ್ಬು, ನಡುವೆ ಪ್ಲಮ್ ಸಾರಾಯಿಯ ಶೀಶೆ. ಎಲ್ಲರ ಅಂಗಿಯ ಮೇಲೂ ಸುಣ್ಣದ ಚುಕ್ಕೆ. ಬೇಲಿಗೆ ಒರಗಿಸಿದ ಬಕೆಟ್ಟುಗಳಲ್ಲಿ ಕುಂಚಗಳು ನೆನೆಯುತ್ತಿದ್ದವು. ಮದುವೆ ಮುಗಿಸಿ ಬಂದವರ ಹಾಗೆ ಎಲ್ಲರೂ ನಗುತ್ತಿದ್ದರು. ತಪ್ಪು ಮಾಡಿ ತಲೆ ತಗ್ಗಿಸುವವರನ್ನು ನಾನು ಸಹಿಸಬಲ್ಲೆ. ತಪ್ಪು ಮಾಡಿ, ಕೈ ತೊಳೆದು, ಇನ್ನೊಂದು ತುತ್ತು ಬಡಿಸಿ ಎಂದು ತಟ್ಟೆ ಚಾಚುವವರನ್ನು ಸಹಿಸಲಾರೆ.

ನಮ್ಮೂರಿನ ಕಾಡು ಸರ್ಕಾರದ್ದಲ್ಲ, ಊರೊಟ್ಟಿನದು. ಅದರ ಅಧ್ಯಕ್ಷ ತೊವಾದೆರ್, ಕಾವಲುಗಾರ್ತಿ ನಾನು. ಗಂಡ ಹೆಂಡತಿ ಸೇರಿ ಕಾಡನ್ನು ಮನೆಯ ಹಿತ್ತಲು ಮಾಡಿಕೊಂಡಿದ್ದಾರೆ ಎಂದು ಆಡಿಕೊಳ್ಳುವವರು ಇದ್ದರು. ಆಡಿಕೊಳ್ಳಲಿ. ಹಿತ್ತಲನ್ನು ಕಾಯುವ ಹಾಗೆ ನಾನು ಅದನ್ನು ಕಾದದ್ದಂತೂ ನಿಜ. ಮೇಲಿನ ಹುಲ್ಲುಗಾವಲಿನಲ್ಲಿ ಕುರಿಯವರು ಗಡಿಯ ಬಗ್ಗೆ ಹೊಡೆದಾಡಿಕೊಂಡರೆಂದು ನಾನು ಅಲ್ಲಿಗೆ ಹೋಗಿ ಎರಡು ರಾತ್ರಿ ಉಳಿದಿದ್ದೆ. ಇವರಿಗೆ ಅಷ್ಟು ಹೊತ್ತು ಸಾಕಾಗಿತ್ತು.

ನಮ್ಮದು ಬೀಚ್ ಎಂಬ ಜಾತಿಯ ಮರಗಳ ಹಳೆಯ ಕಾಡು. ಕೊಡಲಿ ಕಾಣದ ಕಾಡು. ನಡುಮಧ್ಯಾಹ್ನದಲ್ಲೂ ಅಲ್ಲಿ ಚಾಕು ಬಿದ್ದರೆ ಹುಡುಕಲಾಗುವುದಿಲ್ಲ, ಅಷ್ಟು ಕತ್ತಲೆ. ಕೆಲವು ವರ್ಷಗಳ ಹಿಂದೆ ಒಂದು ಬಿರುಗಾಳಿ ಬಂದು, ನಮ್ಮ ಚರ್ಚಿಗಿಂತ ಹಳೆಯ ಮರಗಳನ್ನು ಒಂದರ ಮೇಲೊಂದು ಕೆಡವಿ ಹೋಯಿತು. ಕಾಡಿನ ಸೂರು ಹರಿದುಹೋಯಿತು. ಆ ತೂತಿನಿಂದ ಬಿಸಿಲು ಕೊಡದಲ್ಲಿ ಸುರಿದ ಹಾಗೆ ಕೆಳಗಿಳಿಯಿತು. ನಾನು ಅದಕ್ಕೆ ಬೆಳಕಿಂಡಿ ಎಂದೆ, ಊರೂ ಹಾಗೇ ಅಂದಿತು. ದಿಮ್ಮಿ ಎಳೆಯುವ ಕುದುರೆ ಇಳಿಸಲು ದಾರಿಯಿಲ್ಲದ ಜಾಗವಾದ್ದರಿಂದ ಬಿದ್ದ ಮರಗಳು ಬಿದ್ದ ಹಾಗೇ ಉಳಿದವು. ಕೆಲವು ಅರ್ಧಕ್ಕೆ ಮುರಿದು ನಿಂತಲ್ಲೇ ಸತ್ತವು. ಆಮೇಲೆ ಒಂದು ಬೇಸಿಗೆಯಲ್ಲಿ ದರ್ಜಿಗಳು ಬಂದವು.

ದರ್ಜಿ ಎಂದರೆ ಉದ್ದ ಮೀಸೆಯ ಜೀರುಂಡೆ. ನಮ್ಮ ಕಡೆ ಅದನ್ನು ಹಾಗೇ ಕರೆಯುತ್ತಾರೆ. ಬೂದಿಯಲ್ಲಿ ನೀಲಿ ಕಲೆಸಿದ ಬಣ್ಣ, ಬೆನ್ನ ಮೇಲೆ ಮಸಿಯ ಮಚ್ಚೆ, ಮೈಗಿಂತ ಉದ್ದದ ಮೀಸೆಯಲ್ಲಿ ಗಂಟುಗಂಟಾಗಿ ಕಪ್ಪು ಕುಚ್ಚು. ಮೊದಲೂ ಇದ್ದವು, ಆದರೆ ಎಲ್ಲೋ ಒಂದು, ಯಾವಾಗಲೋ ಒಮ್ಮೆ. ಬೆಳಕಿಂಡಿ ತೆರೆದ ಮೇಲೆ ಬಿಸಿಲಿಗೆ ಕಾದ ದಿಮ್ಮಿಗಳ ಮೇಲೆ ಸಂತೆ ನೆರೆದ ಹಾಗೆ ನೆರೆದವು. ಅವುಗಳ ಹಿಂದೆಯೇ ಲುಪಾಶ್ಕು ಎಂಬ ಹುಳದ ಪಂಡಿತ ಬಂದ. ವಾರಗಟ್ಟಲೆ ಹೊಟ್ಟೆಯ ಮೇಲೆ ಮಲಗಿ ನೋಡಿದ. ನೆರಳಲ್ಲಿ ಬಿದ್ದ ಮರ ತಣ್ಣಗಿರುತ್ತದೆ, ಮರಿಹುಳು ಬೆಳೆಯುವುದಿಲ್ಲ. ಬೋಳುಗುಡ್ಡದಲ್ಲಿ ಬಿದ್ದ ಮರ ರಸ್ಕಿನ ಹಾಗೆ ಒಣಗುತ್ತದೆ, ಅದೂ ಆಗದು. ಹಳೆಯ ಕಾಡು ಸುತ್ತ ಇರಬೇಕು, ನಡುವೆ ಸೂರು ಹರಿದಿರಬೇಕು. ಆದರೆ ಈ ಕಿಂಡಿಯೂ ಶಾಶ್ವತವಲ್ಲ, ಸಸಿಗಳೆದ್ದು ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಇನ್ನೆಲ್ಲೋ ಮುದಿಮರ ಬಿದ್ದು ಇನ್ನೊಂದು ತೆರೆಯಬೇಕು. ಇವು ಅಲ್ಲಿಗೆ ಹಾರಿ ಹೋಗಬೇಕು. ಒಂದು ಕಿಂಡಿ ಉಳಿಸಿದರೆ ಸಾಲದು, ಇಡೀ ಕಾಡು ಉಳಿಯಬೇಕು ಎಂದ. ಅದರಲ್ಲಿ ಅರ್ಥವಾಗದ್ದೇನಿದೆ? ಮನೆ ಕೆಡವಿ ಕಿಟಕಿ ಮಾತ್ರ ಉಳಿಸುತ್ತೇನೆ ಎನ್ನುವವನನ್ನು ಏನೆನ್ನಬೇಕು?

ಆದರೆ ಊರಿಗೆ ಮರ ಕಡಿಯುವ ಗುತ್ತಿಗೆದಾರ ಬಂದಿದ್ದ. ಊರಸಭೆ ಕೂತು, ಕಿರುಚಾಡಿ, ಕೊನೆಗೆ ಹೀಗೆಂದು ಒಪ್ಪಿತ್ತು: ಸಂತ ಎಲೀಯನ ಹಬ್ಬಕ್ಕೆ ಜಿಲ್ಲೆಯಿಂದ ಪರೀಕ್ಷೆಯವರು ಬರಲಿ. ಅಪರೂಪದ ಜೀರುಂಡೆ ಇಲ್ಲಿ ಬದುಕುತ್ತಿದೆ ಎಂದು ಅವರಿಗೆ ಖಾತ್ರಿಯಾದರೆ ಕಾಡಿಗೆ ಗರಗಸ ಬೇಡ. ಇಲ್ಲವಾದರೆ ಹುಲ್ಲು ಕೊಯ್ಲು ಮುಗಿದ ಮರುದಿನವೇ ಕಡಿತ ಶುರು. ಆ ಹಬ್ಬ ನಾಳೆಯೇ ಇತ್ತು.

ಈಗ ಬೆಳಕಿಂಡಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಹುಲ್ಲುಗಾವಲಿನಿಂದ ಇಳಿದು ಬರುವಾಗ ಮೊದಲು ಮೂಗಿಗೆ ಬಡಿದದ್ದು ವಾಸನೆ. ಬೆಣ್ಣೆ ಕಾಯಿಸುವಾಗ ತಳ ಹತ್ತಿದಂಥ ವಾಸನೆ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಬಾಯಲ್ಲಿ ನೀರೂರಿತು. ಹತ್ತಿರ ಹೋದರೆ ಬೂದಿಯ ರಾಶಿ. ಕೊಳೆತ ತುಂಡು, ಮರದ ಹುಡಿ, ಸುಲಿದ ತೊಗಟೆ ಎಲ್ಲವನ್ನೂ ಗುಡಿಸಿ ಸುಟ್ಟಿದ್ದರು. ಅಂಚಿನಲ್ಲಿ ದರ್ಜಿಯ ಗೊಣ್ಣೆಹುಳುಗಳು ಬೆಂದು, ಉಬ್ಬಿ, ಸಿಡಿದು, ಹಳದಿ ಕೊಬ್ಬು ಸುರಿಸಿಕೊಂಡು ಬಿದ್ದಿದ್ದವು. ಆ ವಾಸನೆ ಅವುಗಳದು. ನಾನು ಮರ ಹಿಡಿದುಕೊಂಡು ವಾಂತಿ ಮಾಡಿದೆ. ಬರೀ ಹೊಟ್ಟೆ, ಪಿತ್ತವಷ್ಟೇ ಬಂತು.

ತಲೆಯೆತ್ತಿದರೆ ಸುತ್ತ ಬಿಳಿ. ಈಸ್ಟರಿಗೆ ಮೊದಲು ಸೇಬಿನ ಮರಗಳ ಬುಡಕ್ಕೆ, ಗೋಡೆಗೆ, ಬಾವಿಕಟ್ಟೆಗೆ ನಮ್ಮ ಹೆಂಗಸರು ಸುಣ್ಣ ಬಳಿಯುತ್ತಾರಲ್ಲ, ಹಾಗೆ ಒಂದೊಂದು ದಿಮ್ಮಿಯನ್ನೂ ಬುಡದಿಂದ ತುದಿಯವರೆಗೆ ಬಳಿದಿದ್ದರು. ಬಿರುಕುಗಳಿಗೆ, ಹುಳು ಕೊರೆದ ತೂತುಗಳಿಗೆ ಸುಣ್ಣದ ಗಾರೆ ಮೆತ್ತಿ ಬೆರಳಲ್ಲಿ ಒತ್ತಿ ಸಾಫು ಮಾಡಿದ್ದರು. ನಿಂತಿದ್ದ ಸತ್ತ ಬೊಡ್ಡೆಗಳನ್ನು ಮಂಡಿಯೆತ್ತರಕ್ಕೆ ಕೊಯ್ದು ಕೂರಲು ಪೀಠ ಮಾಡಿದ್ದರು. ಒಂದು ಕಡೆ ಮೆತ್ತಿದ ಗಾರೆ ಉಬ್ಬಿದಂತಿತ್ತು. ಉಗುರಿನಿಂದ ಕೆರೆದೆ. ಹೊರಬರಲು ಕಡಿಯುತ್ತಿದ್ದ ದರ್ಜಿಯೊಂದು ಅದರಲ್ಲೇ ಸಿಕ್ಕಿಕೊಂಡಿತ್ತು. ಮೀಸೆಗಳು ಸುಣ್ಣದಲ್ಲಿ ಬೆಂದು ದಾರದ ಹಾಗೆ ಮುದುಡಿದ್ದವು. ಮೆಲ್ಲಗೆ ಎಳೆದೆ. ತಲೆ ಮಾತ್ರ ಬಂತು.

ಆ ತಲೆಯನ್ನು ಈಗ ಊಟದ ಮೇಜಿನ ಮೇಲೆ, ಮುದ್ದೆಯ ಹಲಗೆಯ ಪಕ್ಕ ಇಟ್ಟೆ.

“ಅಯ್ಯೋ, ಅನ್ನದ ಹತ್ರ ಹುಳ ಇಡ್ತೀಯಲ್ಲೇ!” ಎಂದು ಅತ್ತೆ ಕತಿಂಕಾ ತಲೆವಸ್ತ್ರದ ತುದಿಯಿಂದ ಮೂಗು ಮುಚ್ಚಿಕೊಂಡಳು. ಗಾರೆ ಕಲೆಸಿದವಳು ಅವಳೇ. ಬೆರಳ ಸಂದಿಯೆಲ್ಲ ಬಿರಿದಿತ್ತು.

“ಇದನ್ನ ನೋಡೋಕೇ ಅತ್ತೆ ಅವ್ರು ನಾಳೆ ಬರೋದು.”

“ಬರ್ಲಿ ತಾಯಿ. ಮನೆಗೆ ನೆಂಟರು ಬರ್ತಾರೆ ಅಂದಾಗ ಮರದ ಹೆಣಗಳನ್ನ ಬೆತ್ತಲೆ ಬಿಟ್ಟಿರೋಕಾಗುತ್ತಾ? ಕೈಯೆತ್ತರ ಅಣಬೆ, ಕೀವು ಸೋರೋ ತೊಗಟೆ... ಥೂ! ಹುಳ ತೋರ್ಸಿ ಮಾನ ಉಳಿಸ್ಕೊಳ್ಳೋ ಊರು ಎಲ್ಲಾದ್ರೂ ಇದ್ಯಾ?”

“ಪಾದ್ರಿ ಗೆರಾಸಿಮ್ ಕೂಡ ಬಂದು ತೀರ್ಥ ಚಿಮುಕಿಸಿದ್ರು ಗೊತ್ತಾ?” ಎಂದಳು ಬೇಕರಿಯ ಅನೀಸಿಯಾ. “ಕಾಮಕಸ್ತೂರಿ ಕಟ್ಟು ಹಿಡ್ಕೊಂಡು ಒಂದೊಂದು ದಿಮ್ಮಿಗೂ! ನನ್ ಮದ್ವೇಲೂ ಇಷ್ಟು ಚಿಮುಕಿಸಿರ್ಲಿಲ್ಲ.”

“ಅದಕ್ಕೇ ನಿನ್ ಗಂಡ ಹಂಗಿರೋದು,” ಎಂದ ಯಾರೋ. ಎಲ್ಲರೂ ನಕ್ಕರು.

ನಾನು ನಗಲಿಲ್ಲ. “ನಗ್ರಿ. ಕೊಯ್ಲು ಮುಗೀಲಿ, ಗರಗಸ ಬರ್ಲಿ. ಆಗ ನಿಮ್ ಬಾವಿ ಒಣಗಿದ ಮೇಲೂ ಹಲ್ಲು ಕಿರೀರಿ.”

ತೊವಾದೆರ್ ನನ್ನ ತೋಳು ಹಿಡಿದು ಕೊಟ್ಟಿಗೆಯ ಮರೆಗೆ ಎಳೆದೊಯ್ದ. “ನೋಡು ವರ್ವಾರಾ, ನಾನೇನ್ ನಿನ್ ಶತ್ರುನಾ? ಆ ಗಲೀಜು ನೋಡಿ ಅವ್ರು, ಇಲ್ಲಿ ಕಾವಲುಗಾರ್ತಿ ಏನ್ ಕತ್ತೆ ಕಾಯ್ತಾ ಇದಾಳಾ ಅಂತ ಕೇಳಿದ್ರೆ? ಹೆಂಡ್ತಿ ಮಾನ ಹೋದ್ರೆ ನನ್ ಮಾನ ಉಳಿಯುತ್ತಾ? ನಿನಗೋಸ್ಕರ ಊರನ್ನೆಲ್ಲ ಬೇಡ್ಕೊಂಡು ಕರ್ಕೊಂಡು ಹೋದೆ. ಒಬ್ರೂ ಒಂದು ಕಾಸು ಕೇಳ್ಲಿಲ್ಲ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಕಣ್ಣ ರೆಪ್ಪೆಯ ಮೇಲೂ ಸುಣ್ಣವಿತ್ತು. ನನ್ನ ಮೇಲಿನ ಪ್ರೀತಿಗೇ ಇಷ್ಟೆಲ್ಲ ಮಾಡಿದ್ದ. ಅದರಿಂದ ನನಗೆ ಇನ್ನಷ್ಟು ಅಸಹ್ಯವಾಯಿತು. ದ್ವೇಷದಿಂದ ಮಾಡಿದ್ದರೆ ಕೆನ್ನೆಗೆ ಬಾರಿಸಿ ಮುಗಿಸಬಹುದಿತ್ತು.

ತಂತಿಯ ಬ್ರಷ್ಷು, ಒಂದು ಬಕೆಟ್ಟು ಹಿಡಿದು ನಾನೊಬ್ಬಳೇ ಮತ್ತೆ ಹತ್ತಿದೆ. ತೊರೆಯ ನೀರು ಹೊತ್ತು ತಂದು ಉಜ್ಜಿದೆ. ನೀರು ಬಿದ್ದಷ್ಟೂ ಸುಣ್ಣ ಕರಗಿ ಬಿರುಕಿನ ಒಳಕ್ಕೇ ಇಳಿಯಿತು. ಒಂದು ದಿಮ್ಮಿಯ ಅರ್ಧ ಮುಗಿಯುವ ಹೊತ್ತಿಗೆ ನನ್ನ ಅಂಗೈ ಉರಿದು ಕೆಂಪಾಯಿತು. ಉಜ್ಜಿದ ಜಾಗ ಕುಷ್ಠ ಹಿಡಿದ ಹಾಗೆ ಕಾಣುತ್ತಿತ್ತು. ಬ್ರಷ್ಷನ್ನು ಪೊದೆಯೊಳಕ್ಕೆ ಎಸೆದು ಇಳಿದು ಬಂದೆ. ಬೆಳಿಗ್ಗೆ ಜಿಲ್ಲೆಯವರ ಪರವಾಗಿ ಲುಪಾಶ್ಕುವೇ ಬರುತ್ತಾನಲ್ಲ, ಅವನಿಗೆ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ, ಅವನಿಗೆ ಅರ್ಥವಾಗುತ್ತದೆ ಎಂದುಕೊಂಡೆ.

ಲುಪಾಶ್ಕು ಬರಲಿಲ್ಲ. ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ ಎಂದರು. ಅವನ ಬದಲು ಪಂಫಿಲ್ ಎಂಬವನು ಬಂದಿದ್ದ. ಕಾಡಿನ ರಸ್ತೆ, ಸೇತುವೆಗಳ ಉಸ್ತುವಾರಿ ಅವನದು. ಗುಂಡುಗುಂಡಾದ, ಒಳ್ಳೆಯ ಮಾತಿನ, ಎಲ್ಲರ ಕೈ ಕುಲುಕುವ ಮನುಷ್ಯ. ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಏದುಸಿರು ಬಿಡುತ್ತ ಬೆಳಕಿಂಡಿಗೆ ಹತ್ತಿದ. ಹಿಂದೆ ಇಬ್ಬರು ಸಹಾಯಕರು, ಅವರ ಹಿಂದೆ ಕಸೂತಿ ಅಂಗಿ ತೊಟ್ಟ ಊರು. ಬಿಳಿ ದಿಮ್ಮಿಗಳ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು.

“ಆಹಾ!” ಎಂದ ಪಂಫಿಲ್. “ಏನು ಅಚ್ಚುಕಟ್ಟು! ಚರ್ಚಿನ ಕಂಬಗಳ ಹಾಗಿವೆ. ಬೇರೆ ಊರಿನ ಕಾಡುಗಳಿಗೆ ಹೋದ್ರೆ ಮೂಗು ಮುಚ್ಕೋಬೇಕು, ಗೊತ್ತಾ?”

ಅತ್ತೆ ಕತಿಂಕಾ ನನ್ನ ಕಡೆ ನೋಡಿದಳು. ಹೇಳಿರಲಿಲ್ವಾ ಎನ್ನುವ ಹಾಗೆ ಗಲ್ಲ ಎತ್ತಿದಳು.

“ಸರಿ, ನಮ್ಮ ಜೀರುಂಡೆ ಎಲ್ಲಿ?”

ಸುಣ್ಣದ ಮೇಲೆ ಒಂದು ಇರುವೆಯೂ ಇರಲಿಲ್ಲ. ಒಬ್ಬ ಸಹಾಯಕ ಬಗ್ಗಿ ದಿಮ್ಮಿಯ ಕೆಳಗೆ ನೋಡಿದ, ಇನ್ನೊಬ್ಬ ಗಡಿಯಾರ ನೋಡಿದ. ನಾನು ಗಂಟಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ತೊವಾದೆರ್ ನನ್ನನ್ನು ದಾಟಿ ಹೋದ. ಅವನ ಕೋಟಿನೊಳಗಿಂದ ಒಂದು ಜಾಡಿ ಹೊರಬಂತು. ಅತ್ತೆಯ ಉಪ್ಪಿನಕಾಯಿ ಜಾಡಿ. ಜನ ಪಂಫಿಲನ ಮುಂದೆ ಗೋಡೆಯಾಗಿ ನಿಂತು, ಮೇಲೆ ನೋಡಿ ಸಾಹೇಬ್ರೇ, ಆಕಾಶ ನೋಡಿ, ಎಂಥಾ ತೂತು ನೋಡಿ ಎಂದು ಒಟ್ಟಿಗೇ ಕೂಗತೊಡಗಿದರು. ಆ ಮರೆಯಲ್ಲಿ ತೊವಾದೆರ್ ಜಾಡಿಯನ್ನು ದಿಮ್ಮಿಯ ಮೇಲೆ ಬೋರಲು ಹಾಕಿ ತಟ್ಟಿದ.

ಅವು ಎಲ್ಲಿಯವು ಎಂದು ನನಗೆ ಕೂಡಲೇ ತಿಳಿಯಿತು. ನಮ್ಮ ಸೌದೆ ಒಟ್ಟಿಲಿನವು. ಬೇರೆಡೆಯಿಂದ ತಂದು ಅಂಗಳದ ಬಿಸಿಲಿನಲ್ಲಿ ಒಟ್ಟಿದ ಬೀಚ್ ಸೌದೆಯನ್ನು ಬಿದ್ದ ಮರವೆಂದು ತಿಳಿದು ದರ್ಜಿಗಳು ಬಂದು ಮೊಟ್ಟೆಯಿಡುತ್ತವೆ. ಚಳಿಗಾಲದಲ್ಲಿ ನಾವು ಮರಿಗಳ ಸಮೇತ ಒಲೆಗೆ ತುಂಬುತ್ತೇವೆ. ಇದನ್ನು ಒಮ್ಮೆ ಅವನ ಪಕ್ಕ ಮಲಗಿ ಹೇಳಿದ್ದೆ. ಅವನು ಕಣ್ಣು ಮುಚ್ಚಿಕೊಂಡಿದ್ದ, ನಿದ್ದೆ ಹೋಗಿದ್ದಾನೆ ಎಂದುಕೊಂಡಿದ್ದೆ. ಇಲ್ಲ, ಎಲ್ಲವನ್ನೂ ಕೇಳಿಸಿಕೊಂಡಿದ್ದ. ನೆನಪಿಟ್ಟುಕೊಂಡೂ ಇದ್ದ.

“ಅಲ್ನೋಡಿ ಸಾಹೇಬ್ರೇ! ಬಂದ್ವು, ಬಂದ್ವು!”

ಬಿಳಿಯ ಮೇಲೆ ನೀಲಿ. ನೋಡಲು ಚೆಂದವಿತ್ತು, ಇಲ್ಲವೆನ್ನುವುದಿಲ್ಲ. ಅವು ಕಾಲು ಎತ್ತಿ ಎತ್ತಿ ಇಡುತ್ತಿದ್ದವು, ಕಾದ ಹಂಚಿನ ಮೇಲೆ ಬಿಟ್ಟ ಹಾಗೆ. ಮೀಸೆಯನ್ನು ಬಾಯಿಗೆ ಎಳೆದುಕೊಂಡು ಒರೆಸುತ್ತಿದ್ದವು. ಒಂದು ಕೆಳಗುರುಳಿತು. ತೊವಾದೆರ್ ಅದನ್ನು ಎತ್ತಿ ಮತ್ತೆ ಸುಣ್ಣದ ಮೇಲೆ ಇಟ್ಟ.

“ಕುಣೀತಾ ಇವೆಯಲ್ರೀ!” ಎಂದು ಪಂಫಿಲ್ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಸಹಾಯಕರು ಫೋನು ಹಿಡಿದು ಬಗ್ಗಿದರು. “ಸುಣ್ಣ ಬಳಿದ್ರೂ ಬರ್ತಾವಾ?”

“ಶುಚಿ ಅಂದ್ರೆ ಹುಳಕ್ಕೂ ಇಷ್ಟ ಸಾಹೇಬ್ರೇ,” ಎಂದ ತೊವಾದೆರ್.

ಊರು ಗೊಳ್ಳೆಂದಿತು. ಜಾಡಿಯನ್ನು ಎಲ್ಲರೂ ನೋಡಿದ್ದರು. ಒಬ್ಬರಿಗೂ ಮುಖ ಕೆಂಪಾಗಲಿಲ್ಲ.

ಪಂಫಿಲ್ ಅಲ್ಲೇ, ಬೊಡ್ಡೆಯ ಮೇಲೆ ಕೂತು, ಕೋಸಿನೆಲೆಯಲ್ಲಿ ಸುತ್ತಿದ ಮಾಂಸ ತಿನ್ನುತ್ತ ತೀರ್ಮಾನ ಹೇಳಿದ. ಇಡೀ ಹಳೆಯ ಕಾಡನ್ನು ಕಾಯ್ದಿರಿಸಬೇಕೆಂದು ಶಿಫಾರಸು ಮಾಡುತ್ತೇನೆ. ಗರಗಸ ಬರಕೂಡದು. ಇದು ಮಾದರಿ ಕಾಡು. ಮುಂದೆ ಎಲ್ಲಿ ಮರ ಬಿದ್ದರೂ, ಎಲ್ಲಿ ಕಿಂಡಿ ತೆರೆದರೂ ಹೀಗೇ ಗುಡಿಸಿ ಸುಣ್ಣ ಬಳಿಯಬೇಕು. ಬೇರೆ ಊರುಗಳವರನ್ನೂ ಕರೆತಂದು ತೋರಿಸುತ್ತೇನೆ.

ಟೋಪಿಗಳು ಮೇಲೆ ಹಾರಿದವು. ಪಾದ್ರಿ ಗೆರಾಸಿಮ್ ಶಿಲುಬೆಯ ಗುರುತು ಹಾಕಿಕೊಂಡರು. ನಾನು ಕಾಡಿಗಾಗಿ ಬೇಡಿದ್ದೆಲ್ಲ ಸಿಕ್ಕಿತ್ತು, ಒಂದು ಮರವೂ ಬಿಡದ ಹಾಗೆ. ಆ ಕಾಡಿನೊಳಗೆ ಬದುಕಿರಬೇಕಾದದ್ದನ್ನು ವರ್ಷ ವರ್ಷ ಬೇಯಿಸಿ ಸಾಯಿಸುವ ಅಪ್ಪಣೆಯೂ ಅದರ ಜೊತೆಗೇ ಸಿಕ್ಕಿತ್ತು.

“ಕಾವಲುಗಾರ್ತಿ ಯಾರು? ನೀವೇನಾ ತಾಯಿ? ಯಾಕೆ ದೂರ ನಿಂತಿದೀರಿ? ಒಂದು ಮಾತು ಹೇಳ್ಬಿಡಿ, ಇವು ಇಲ್ಲಿ ಬದುಕ್ತಾ ಇವೆ ಅಂತ. ಸಭೆ ಮುಂದೆ ನೀವು ಹೇಳಿದ್ರೆ ನನ್ ಕೆಲ್ಸ ಮುಗೀತು.”

“ಹಂಗೆ ಬರೀ ಬಾಯಲ್ಲಿ ಆಗಲ್ಲ ಸಾಹೇಬ್ರೇ,” ಎಂದ ಒಬ್ಬ ಮುದುಕ. “ನಮ್ಮಲ್ಲಿ ಕಾಡಿನ ಮಾತು ಅಂದ್ರೆ ತಲೆ ಮೇಲೆ ಹೆಂಟೆ ಇಟ್ಕೊಂಡು ಹೇಳ್ಬೇಕು.”

ಅದು ನಮ್ಮ ಹಿಂದಿನವರ ಪದ್ಧತಿ. ಗಡಿಯ ಬಗ್ಗೆ, ಮರದ ಬಗ್ಗೆ ಸಾಕ್ಷಿ ಹೇಳುವವರು ಆ ಜಾಗದ ಹುಲ್ಲು ಸಮೇತ ಮಣ್ಣಿನ ಹೆಂಟೆ ಕಿತ್ತು ತಲೆಯ ಮೇಲೆ ಇಟ್ಟುಕೊಳ್ಳಬೇಕು. ಸುಳ್ಳು ಹೇಳಿದವರನ್ನು ಆ ನೆಲ ಸತ್ತ ಮೇಲೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬದುಕಿರುವಾಗ ಅವರು ಅದರ ಮೇಲೆ ನಡೆಯಕೂಡದು. ನನ್ನ ಅಪ್ಪ ಹೆಂಟೆ ಹೊತ್ತು ಸ್ವಂತ ಅಣ್ಣನ ವಿರುದ್ಧ ಸತ್ಯ ಹೇಳಿದವನು. ಪಂಫಿಲನಿಗೆ ಇದು ಬಹಳ ಹಿಡಿಸಿತು. ಫೋಟೋ ತೆಗೆಯಬೇಕು, ಬಿಸಿಲಿಗೆ ಬನ್ನಿ ಎಂದ. ಒಬ್ಬ ಓಡಿಹೋಗಿ ಗುದ್ದಲಿಯಲ್ಲಿ ಹೆಂಟೆ ಎತ್ತಿ ತಂದ. ತೊವಾದೆರ್ ತಾನೇ ಅದನ್ನು ನನ್ನ ತಲೆಯ ಮೇಲಿಟ್ಟು ಕಿವಿಯ ಹತ್ತಿರ ಪಿಸುಗುಟ್ಟಿದ.

“ಕಾಡು ಬೇಕು ತಾನೇ ನಿಂಗೆ? ಬೇಕು ಅಂದ್ರೆ ಹೇಳ್ಬಿಡು. ಒಂದೇ ಒಂದು ಮಾತು.”

ಮಣ್ಣು ತಣ್ಣಗಿತ್ತು, ಭಾರವಾಗಿತ್ತು. ಅದರೊಳಗಿದ್ದ ಸುಣ್ಣದ ನೀರು ನನ್ನ ಕತ್ತಿನಗುಂಟ ಇಳಿದು ಬೆನ್ನನ್ನು ಉರಿಸಿತು. ಇಲ್ಲ ಎಂದರೆ ಕೊಯ್ಲಿನ ಮರುದಿನ ಗರಗಸ. ಸೂರೂ ಇಲ್ಲ, ಕಿಂಡಿಯೂ ಇಲ್ಲ, ಬೋಳುಗುಡ್ಡ. ಇವೆ ಎಂದರೆ ಕಾಡು ನಿಲ್ಲುತ್ತದೆ. ಈ ಮಂದಿಗೂ ಒಂದು ದಿನ ಬೇಸರ ಬಂದೀತು, ದೂರದ ಕಿಂಡಿಗಳವರೆಗೆ ಬಕೆಟ್ಟು ಹೊತ್ತು ಸೊಂಟ ನೋವಾದೀತು, ಎಲ್ಲೋ ಒಂದು ಮರ ಇವರ ಕಣ್ಣಿಗೆ ಬೀಳದೆ ಬಿದ್ದೀತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅತ್ತೆಯ ತುಟಿಯಂಚಿನಲ್ಲಿ ಕೋಸಿನ ಎಣ್ಣೆ ಹೊಳೆಯುತ್ತಿತ್ತು. ಅವಳು ಇನ್ನೂ ಅಗಿಯುತ್ತಿದ್ದಳು.

“ಬದುಕ್ತಾ ಇವೆ,” ಎಂದೆ. “ನಾನೇ ಕಣ್ಣಾರೆ ನೋಡಿದೀನಿ.”

ಚಪ್ಪಾಳೆ ಬಿತ್ತು. ನನ್ನ ನಾಲಗೆಯ ಮೇಲೆ ಸುಟ್ಟ ಬೆಣ್ಣೆಯ ರುಚಿ ಬಂತು. ಉಗಿದೆ. ಹೋಗಲಿಲ್ಲ. ಮತ್ತೆ ಉಗಿದೆ.

“ಸಂತೋಷಕ್ಕೆ ಗಂಟ್ಲು ಕಟ್ಟಿದೆ ಅವ್ಳಿಗೆ,” ಎಂದು ತೊವಾದೆರ್ ಎಲ್ಲರಿಗೂ ಹೇಳಿ ನನ್ನ ಹೆಗಲ ಮೇಲೆ ಕೈ ಹಾಕಿದ. “ನೋಡಿದ್ಯಾ? ಎಷ್ಟು ಸಲೀಸಾಯ್ತು. ಮುಂದಿನ ವರ್ಷ ಏಣಿ ತಂದು ನಿಂತ ಮರಕ್ಕೂ ಅರ್ಧದವರೆಗೆ ಬಳಿಸ್ತೀನಿ.”

ಆ ಕೈಯನ್ನು ಬೆರಳು ಬೆರಳಾಗಿ ಬಿಡಿಸಿ ತೆಗೆದೆ. ಹೆಂಟೆಯನ್ನು ತಲೆಯಿಂದ ಇಳಿಸಿ ಅವನ ಅಂಗೈಯಲ್ಲೇ ಇಟ್ಟೆ.

“ಎಲ್ಲಿಗೆ?”

“ಈ ನೆಲದ ಮೇಲೆ ನಾನು ಇನ್ನು ನಡೆಯೋ ಹಾಗಿಲ್ಲ.”

“ಏ ಹುಚ್ಚೀ, ಅದೆಲ್ಲ ಅಜ್ಜಂದಿರ ಕಾಲದ ಮಾತು! ಊಟ ಮಾಡ್ಕೊಂಡು ಹೋಗೇ!”

ನಾನು ಊರಿನ ಕಡೆ ಇಳಿಯಲಿಲ್ಲ. ಊರೂ ಆ ನೆಲದ್ದೇ. ಬೆಟ್ಟದ ಆಚೆ ಮಗ್ಗುಲಿನ ಕಣಿವೆಯಲ್ಲಿ ನನ್ನ ತಂಗಿಯ ಗಂಡನ ಉಣ್ಣೆ ತೊಳೆಯುವ ಕಾರ್ಖಾನೆಯಿದೆ, ಆ ಕಡೆ ತಿರುಗಿದೆ. ಹಿಂದೆ ಅತ್ತೆ ಕೂಗುವುದು ಕೇಳಿಸಿತು, “ಬಿಡೋ, ಹಸಿವಾದ್ರೆ ತಾನೇ ಬರ್ತಾಳೆ.” ಆಮೇಲೆ ಅಕಾರ್ಡಿಯನ್ ಶುರುವಾಯಿತು. ಮರಗಳ ಕತ್ತಲೆಯೊಳಕ್ಕೆ ಹೊಕ್ಕ ಮೇಲೂ ಬಹಳ ದೂರದವರೆಗೆ ಅದು ಕೇಳಿಸುತ್ತಿತ್ತು.

ಈಗ ನಾನು ದಿನವಿಡೀ ಕುರಿಯ ಕೊಳೆ ತೊಳೆಯುತ್ತೇನೆ. ತೊವಾದೆರ್ ಎರಡು ಸಲ ಬಂದು ಬಾಗಿಲಲ್ಲಿ ನಿಂತಿದ್ದ. ಕಾಡು ಹಾಗೇ ಇದೆ ಎಂದ. ನಾನು ಹೋಗಲಿಲ್ಲ.